ಹಕ್ಕಿಯ ಪಾಲಿನ ನೀರು: ಬಾಂಗ್ವೆಯುಲು ಜೌಗಿನಿಂದ ಸಿ.ಎಸ್. ಪುರದ ಕೆರೆಗಳವರೆಗೆ

ಬೆಂಗಳೂರು, ಮೈಸೂರುಗಳ ಪಕ್ಷಿವೀಕ್ಷಕರ ಪ್ರವಾಸದ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಫ್ರಿಕದ ಹೆಸರುಗಳೂ ಸೇರಿಕೊಂಡಿವೆ. ಅವುಗಳಲ್ಲಿ ಜಾಂಬಿಯಾದ ಈಶಾನ್ಯ ಭಾಗದ ಬಾಂಗ್ವೆಯುಲು ಜೌಗುಪ್ರದೇಶವೂ ಒಂದು. ರಾಜಧಾನಿ ಲುಸಾಕಾದಿಂದ ರಸ್ತೆಯಲ್ಲಿ ಹೊರಟರೆ ಒಂದು ಹಗಲು ಸಾಲದು. ಕೊನೆಯ ಹಾದಿಯನ್ನು ದೋಣಿಯಲ್ಲೋ, ಕೆಸರಿನಲ್ಲಿ ಕಾಲ್ನಡಿಗೆಯಲ್ಲೋ ಸಾಗಬೇಕು. ಇಷ್ಟೆಲ್ಲ ಶ್ರಮ, ವೆಚ್ಚ ಮುಖ್ಯವಾಗಿ ಒಂದೇ ಹಕ್ಕಿಗಾಗಿ. ಅದು ಪಾದರಕ್ಷೆಯನ್ನು ಹೋಲುವ ಭಾರೀ ಕೊಕ್ಕಿನ, ಮನುಷ್ಯನ ಎದೆಯೆತ್ತರಕ್ಕೆ ನಿಲ್ಲುವ ಶೂಬಿಲ್. ಇಡೀ ಜಗತ್ತಿನಲ್ಲಿ ಈ ಹಕ್ಕಿ ಉಳಿದಿರುವುದು ಕೆಲವೇ ಸಾವಿರ ಸಂಖ್ಯೆಯಲ್ಲಿ.

ಆದರೆ ಅಲ್ಲಿಗೆ ಹೋಗುವವರು ಗಮನಿಸಬೇಕಾದ ಸಂಗತಿ ಹಕ್ಕಿಯೊಂದೇ ಅಲ್ಲ. ಬಾಂಗ್ವೆಯುಲು ಜನರನ್ನು ಎಬ್ಬಿಸಿ, ಬೇಲಿ ಹಾಕಿ ಮಾಡಿದ ಉದ್ಯಾನವಲ್ಲ. ಆ ನೆಲ ಅಲ್ಲಿನ ಬುಡಕಟ್ಟು ಸಮುದಾಯಗಳದೇ. ಸುಮಾರು 50 ಸಾವಿರ ಜನ ಅಲ್ಲಿ ಬದುಕುತ್ತಾರೆ, ಮೀನು ಹಿಡಿಯುತ್ತಾರೆ. 2008ರಿಂದ ಸಮುದಾಯ ಮಂಡಳಿಗಳು, ಸರ್ಕಾರ ಮತ್ತು ‘ಆಫ್ರಿಕನ್ ಪಾರ್ಕ್ಸ್’ ಸಂಸ್ಥೆ ಸೇರಿ ಅದನ್ನು ನಿರ್ವಹಿಸುತ್ತಿವೆ. ಒಂದು ಕಾಲಕ್ಕೆ ಶೂಬಿಲ್ ಮರಿಗಳನ್ನು ಕದ್ದು ಮಾರುವ ಜಾಲ ಅಲ್ಲಿತ್ತು. ಅದನ್ನು ತಡೆಯಲು ಹುಡುಕಿದ ಉಪಾಯ ಸರಳವಾದದ್ದು: ಆ ಜೌಗನ್ನು ಅಂಗೈಯಂತೆ ಬಲ್ಲ ಸ್ಥಳೀಯ ಮೀನುಗಾರರನ್ನೇ ಸಂಬಳ ಕೊಟ್ಟು ಗೂಡಿನ ಕಾವಲಿಗೆ ನೇಮಿಸುವುದು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಜಾಂಬಿಯಾದಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಮೀನಿಗೂ ಬಿಡುವು, ಮೀನು ನಂಬಿದ ಹಕ್ಕಿಗೂ ಆಹಾರ.

ಈ ದೂರದ ಉದಾಹರಣೆಗೂ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಸಂಬಂಧ ನೀರಿನದು.

ಒಂದೇ ನದಿಯ ಎರಡು ತುದಿ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆಯನ್ನು ತುಂಬಿ, ದಕ್ಷಿಣಕ್ಕೆ ಹರಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ನೀರು ಮಟ್ಟ ಮೀರಿದೊಡನೆ ತಾನಾಗಿ ಹೊರಚೆಲ್ಲುವ ಸೈಫನ್ ವ್ಯವಸ್ಥೆಗೆ ಹೆಸರಾದ ಜಲಾಶಯವದು. ಅಲ್ಲಿಂದ ಮುಂದೆ ನದಿ ಮಂಡ್ಯ ಜಿಲ್ಲೆಗೆ ಇಳಿದು ಮದ್ದೂರಿನ ಬದಿಯಲ್ಲಿ ಸಾಗುತ್ತದೆ. ಅದರ ದಡಕ್ಕೆ ಸಮೀಪದಲ್ಲಿಯೇ ಇದೆ ಕೊಕ್ಕರೆ ಬೆಳ್ಳೂರು.

ಸಿ.ಎಸ್. ಪುರದ ಸುತ್ತಲಿನ ಸೀಮೆ ಈ ಜಲಾನಯನದ ನಡುವಿನ ಕೊಂಡಿ. ತೆಂಗು, ಅಡಿಕೆ, ರಾಗಿಯ ನಡುವೆ ಒಂದರ ಕೋಡಿ ಬಿದ್ದರೆ ಇನ್ನೊಂದು ತುಂಬುವಂತೆ ಕಟ್ಟಿದ ಸರಣಿ ಕೆರೆಗಳು ಇಲ್ಲಿವೆ. ಇಲ್ಲಿ ಪ್ರವೇಶದ್ವಾರವಿಲ್ಲ, ಟಿಕೆಟ್ಟಿಲ್ಲ, ಅಭಯಾರಣ್ಯದ ಫಲಕವಿಲ್ಲ. ಕೆರೆಯಂಗಳದಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಕೊಕ್ಕರೆ, ಬಕ, ನೀರುಕಾಗೆ, ಕೆಂಬರಲುಗಳಿಗೆ ಇದೇ ಊಟದ ಮನೆ. ತಾಲ್ಲೂಕಿನ ಹೆಸರಿಗೇ ಹಕ್ಕಿಯೊಂದರ ಐತಿಹ್ಯ ಅಂಟಿಕೊಂಡಿದೆ. ಪುರಾಣ ಪ್ರವಚನವನ್ನು ದಿನವೂ ಕೇಳಲು ಬರುತ್ತಿದ್ದ ಜೋಡಿ ಗುಬ್ಬಿಗಳ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಹಕ್ಕಿಗೆ ಗೂಡು ಕಟ್ಟಲು ಮರ ಒಂದೆಡೆ ಸಾಕು. ಆದರೆ ಮರಿಗಳಿಗೆ ಮೀನು ತರಲು ಹತ್ತಾರು ಕಿಲೋಮೀಟರು ಸುತ್ತಳತೆಯ ಕೆರೆಗಳು ಬೇಕು. ಪಕ್ಷಿಧಾಮವೆಂದರೆ ಗೂಡಿರುವ ಊರು ಎಂದು ಭಾವಿಸಿ, ಊಟವಿರುವ ಊರುಗಳನ್ನು ಲೆಕ್ಕದಿಂದ ಬಿಟ್ಟಿರುವುದೇ ಕರ್ನಾಟಕದ ಪಕ್ಷಿಸಂರಕ್ಷಣೆಯ ದೊಡ್ಡ ಕೊರತೆ.

ಹಳ್ಳಿಗರು ಕಾದ ಹಕ್ಕಿಗಳು

ಸಂರಕ್ಷಣೆಯಲ್ಲಿ ಜನರ ಪಾತ್ರ ಆಫ್ರಿಕದಿಂದ ಕಲಿಯಬೇಕಾದ ಪಾಠವೇನಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಕೊಕ್ಕರೆ ಬೆಳ್ಳೂರನ್ನು ಹೊರಜಗತ್ತಿಗೆ ಪರಿಚಯಿಸುವ ಎಷ್ಟೋ ಮೊದಲೇ ಅಲ್ಲಿನ ಜನ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಊರಿನ ಹೆಣ್ಣುಮಕ್ಕಳಂತೆ ಕಂಡಿದ್ದರು. ತವರಿಗೆ ಬಾಣಂತನಕ್ಕೆ ಬಂದವರನ್ನು ಓಡಿಸುವವರುಂಟೇ ಎಂಬುದು ಅವರ ನ್ಯಾಯ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಅದಕ್ಕೆ ಸಮುದಾಯ ಮೀಸಲು ಪ್ರದೇಶದ ಮಾನ್ಯತೆಯೂ ಬಂದಿತು.

ತುಮಕೂರು ಜಿಲ್ಲೆಯಲ್ಲಿಯೇ ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಶಿಂಷೆಯ ಜಲಾನಯನಕ್ಕೆ ಸೇರದಿದ್ದರೂ ಅಲ್ಲಿನ ಕಥೆ ಇದೇ. ಊರ ನಡುವಿನ ಹುಣಿಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುವ ಸಂಗತಿ 1999ರ ಸುಮಾರಿಗೆ ತುಮಕೂರಿನ ನಿಸರ್ಗಾಸಕ್ತರ ಮೂಲಕ ಬೆಳಕಿಗೆ ಬಂದಿತು. ಹಕ್ಕಿ ಕೂತ ಮರದ ಹುಣಿಸೆಯನ್ನು ಬಡಿಯುವಂತಿಲ್ಲ, ಹಿಕ್ಕೆಯ ವಾಸನೆಯನ್ನು ತಿಂಗಳುಗಟ್ಟಲೆ ಸಹಿಸಬೇಕು. ಛಾಯಾಚಿತ್ರ ತೆಗೆದವರು ಸಂಜೆ ಊರಿಗೆ ಮರಳುತ್ತಾರೆ. ನಷ್ಟ ಮಾತ್ರ ಮರದ ಒಡೆಯನದು.

ಪ್ರೀತಿಯೊಂದರಿಂದಲೇ ಹಕ್ಕಿ ಉಳಿಯದು ಎಂಬುದಕ್ಕೂ ಕೊಕ್ಕರೆ ಬೆಳ್ಳೂರೇ ಸಾಕ್ಷಿ. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತುಬಿದ್ದವು. ಪರೀಕ್ಷೆಯಲ್ಲಿ ಕಂಡದ್ದು ಜಂತುಹುಳುವಿನ ಸೋಂಕು. ಇಂಥ ಹುಳುಗಳು ಹಕ್ಕಿಯ ಹೊಟ್ಟೆ ಸೇರುವ ದಾರಿ ಮೀನು. ಮರ ಸುರಕ್ಷಿತವಾಗಿತ್ತು, ಊರು ಪ್ರೀತಿಯಿಂದಲೇ ಇತ್ತು. ಆದರೆ ಹಕ್ಕಿ ಊಟ ಮಾಡಿದ ನೀರು ಊರಿನ ಕೈಯಲ್ಲಿರಲಿಲ್ಲ.

ಲೆಕ್ಕಕ್ಕೆ ಸಿಗದ ಪಾಲು

ಆ ನೀರು ಯಾರ ಕೈಯಲ್ಲಿದೆ ಎಂಬುದು ಇಂದು ಗುಬ್ಬಿ–ಕುಣಿಗಲ್ ಸೀಮೆಯ ಅತ್ಯಂತ ಬಿಸಿಯಾದ ಪ್ರಶ್ನೆ. ಹೇಮಾವತಿ ನಾಲೆಯ ನೀರನ್ನು ಗುಬ್ಬಿ ತಾಲ್ಲೂಕಿನಿಂದ ಕೊಳವೆಯ ಮೂಲಕ ಕುಣಿಗಲ್ ಹಾಗೂ ಅದರಾಚೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೃಹತ್ ಪ್ರತಿಭಟನೆ ನಡೆಸಿದರು. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ತನ್ನ ಪಾಲಿನ ನೀರು ಬಾರದು ಎಂಬುದು ಒಂದು ಕಡೆಯ ವಾದ. ಕೊಳವೆಯಲ್ಲಿ ನೀರು ಹರಿದರೆ ನಡುವಿನ ತಾಲ್ಲೂಕುಗಳ ಕೆರೆಗಳು ಬರಿದಾಗುತ್ತವೆ ಎಂಬುದು ಇನ್ನೊಂದು ಕಡೆಯ ಭಯ. ಎರಡರಲ್ಲಿಯೂ ತೆಂಗಿನ ತೋಟ ಒಣಗಿದ ರೈತನ ನೋವಿದೆ. ಯಾವುದನ್ನೂ ತಳ್ಳಿಹಾಕುವಂತಿಲ್ಲ.

ಆದರೆ ಈ ಜಗಳದ ಲೆಕ್ಕಪತ್ರದಲ್ಲಿ ಕುಡಿಯುವ ನೀರು, ಅಚ್ಚುಕಟ್ಟು, ಅಂತರ್ಜಲ ಎಂಬ ಮೂರು ಕಲಮುಗಳಿವೆಯೇ ಹೊರತು ಕೆರೆಯಲ್ಲಿ ಉಳಿಯಬೇಕಾದ ನೀರು ಎಂಬ ನಾಲ್ಕನೆಯ ಕಲಮು ಇಲ್ಲ. ಗೂಡಿನಲ್ಲಿ ಮರಿಗಳಿರುವ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೆರೆಯ ತಳದಲ್ಲಿ ಮೊಣಕಾಲುದ್ದದ ನೀರು ಉಳಿದರೆ ಕೊಕ್ಕರೆಗೆ ಸಾಕು. ಆ ನೀರು ದನಕರುಗಳಿಗೂ ಬೇಕು, ಸುತ್ತಲ ಕೊಳವೆಬಾವಿಗಳಿಗೂ ಬೇಕು. ಅಂದರೆ ಹಕ್ಕಿಯ ಪಾಲೆಂಬುದು ರೈತನ ಪಾಲಿನಿಂದ ಕಿತ್ತು ಕೊಡಬೇಕಾದದ್ದಲ್ಲ. ಬಹುಮಟ್ಟಿಗೆ ಅವನದೇ ಇನ್ನೊಂದು ಪಾಲು. ಹಿಂದೆ ತೂಬು ಎತ್ತುವ ನೀರುಗಂಟಿಗೆ ಈ ಲೆಕ್ಕ ಗೊತ್ತಿತ್ತು. ಆ ವ್ಯವಸ್ಥೆ ಕುಸಿದ ಮೇಲೆ ಲೆಕ್ಕವೂ ಹೋಯಿತು.

ಇನ್ನು ಮೀನು ಸಾಕಣೆಯ ಗುತ್ತಿಗೆ. ಹರಾಜು ಹಿಡಿದವನಿಗೆ ಅವಧಿ ಮುಗಿಯುವುದರೊಳಗೆ ಹಾಕಿದ ಬಂಡವಾಳ ಬರಬೇಕು. ಬೇಸಿಗೆಯಲ್ಲಿ ಉಳಿದ ನೀರನ್ನೂ ಬಸಿದು ಮೀನು ಬಾಚುವ ಆಸೆಗೆ ಇದೇ ಮೂಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದ್ದರೂ ಕದ್ದು ಸಾಕುವುದು ನಿಂತಿಲ್ಲ. ನಾಡಿನ ಸಣ್ಣ ಮೀನುಗಳನ್ನು ನುಂಗಿ ಬೆಳೆಯುವ ಈ ಮೀನು ಕೆರೆ ಸೇರಿದರೆ ಹಕ್ಕಿಯ ತಟ್ಟೆಯೇ ಬರಿದಾಗುತ್ತದೆ. ಆಫ್ರಿಕದಿಂದ ತರಬೇಕಾದದ್ದು ಮೀನಲ್ಲ, ಮೀನಿಗೆ ಬಿಡುವು ಕೊಡುವ ಕ್ರಮ.

ಕಾನೂನಿನ ಗಾತ್ರ, ಕೆರೆಯ ಗಾತ್ರ

ರಾಜ್ಯದಲ್ಲಿ ರಾಮ್ಸಾರ್ ಮಾನ್ಯತೆ ಪಡೆದ ತಾಣಗಳು ನಾಲ್ಕು. 2022ರಲ್ಲಿ ರಂಗನತಿಟ್ಟು ಆ ಪಟ್ಟಿ ಸೇರಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಈ ಮನ್ನಣೆ ಸಂತೋಷದ ಸಂಗತಿ. ಆದರೆ ನೂರಾರು ಹಳ್ಳಿಗಳ ಸಾಮಾನ್ಯ ಕೆರೆಗಳಿಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎಂದೂ ಸ್ಥಾನ ಸಿಗದು. ಅವುಗಳನ್ನು ಕಾಯಬೇಕಾದದ್ದು ನಾಡಿನ ಕಾನೂನು. ಅದೂ ಹಿಂದಡಿ ಇಡುವ ಸೂಚನೆಯಿದೆ. ಗಾತ್ರ ಯಾವುದೇ ಇರಲಿ, ಎಲ್ಲ ಕೆರೆಗಳಿಗೂ 30 ಮೀಟರ್ ಮೀಸಲು ಅಂಚು ಇರಬೇಕೆಂಬ ನಿಯಮವನ್ನು ಸಡಿಲಿಸಿ, ಕೆರೆ ಚಿಕ್ಕದಾದಂತೆ ಅಂಚನ್ನೂ ಕುಗ್ಗಿಸುವ ತಿದ್ದುಪಡಿ ಮಸೂದೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದಿತು. ನೀರಿನಲ್ಲಿ ನಡೆದು ಮೀನು ಹಿಡಿಯುವ ಕೊಕ್ಕರೆ, ಬಕಗಳಿಗೆ ಆಳವಾದ ಜಲಾಶಯಕ್ಕಿಂತ ಚಿಕ್ಕ ಕೆರೆಯ ತೆಳುನೀರಿನ ಅಂಚೇ ಹೆಚ್ಚು ಮುಖ್ಯ ಎಂಬುದನ್ನು ನೆನೆದರೆ ಈ ಬದಲಾವಣೆಯ ಪರಿಣಾಮ ಅರ್ಥವಾಗುತ್ತದೆ.

ಬಾಂಗ್ವೆಯುಲುವಿನ ಮಾದರಿಯನ್ನು ಇದ್ದಂತೆಯೇ ಇಲ್ಲಿ ನೆಡಲಾಗದು. ಅಲ್ಲಿನ ವ್ಯವಸ್ಥೆ ವಿದೇಶೀ ದಾನಿಗಳ ಹಣವನ್ನು ನೆಚ್ಚಿದೆ. ಇಲ್ಲಿ ಒಂದೇ ಕೆರೆಗೆ ಕಂದಾಯ, ಸಣ್ಣ ನೀರಾವರಿ, ಮೀನುಗಾರಿಕೆ, ಅರಣ್ಯ ಇಲಾಖೆಗಳು ಮತ್ತು ಪಂಚಾಯಿತಿ ಎಂಬ ಐವರು ಯಜಮಾನರು. ಹಾಗಿದ್ದರೂ ಹೆಚ್ಚಿನ ಹಣವಿಲ್ಲದೆ ಆಗುವ ಕೆಲಸಗಳಿವೆ. ಮೀನು ಗುತ್ತಿಗೆಯ ಕರಾರಿನಲ್ಲಿ ಬೇಸಿಗೆಯ ಕನಿಷ್ಠ ನೀರಿನ ಮಟ್ಟವನ್ನು ಬರೆದು, ಅದಕ್ಕೆ ತಕ್ಕಂತೆ ಹರಾಜಿನ ದರವನ್ನು ಇಳಿಸಬಹುದು. ನಾಲೆಯಿಂದ ಕೆರೆ ತುಂಬಿಸುವ ವೇಳಾಪಟ್ಟಿಯಲ್ಲಿ ಗೂಡುಗಾರಿಕೆಯ ತಿಂಗಳುಗಳನ್ನು ಗಮನಕ್ಕೆ ತಂದುಕೊಳ್ಳಬಹುದು. ಗೂಡಿರುವ ಮರದ ಪರಿಹಾರವನ್ನು ಆಯಾ ವರ್ಷವೇ ಕೈಗೆ ತಲುಪಿಸಬಹುದು. ಹಳ್ಳಿಯ ಮೀನುಗಾರರನ್ನು, ಓದಿದ ಹುಡುಗರನ್ನು ಕೆರೆ ಕಾವಲಿಗೂ ಪಕ್ಷಿವೀಕ್ಷಕರಿಗೆ ದಾರಿ ತೋರುವುದಕ್ಕೂ ನೇಮಿಸಬಹುದು.

ನಗರದ ಪಕ್ಷಿವೀಕ್ಷಕರಿಗೂ ಇದರಲ್ಲಿ ಪಾಲಿದೆ. ಶೂಬಿಲ್ ಕಂಡು ಬಂದವರು ಅಲ್ಲಿ ತೆತ್ತ ಶುಲ್ಕವನ್ನು ದುಬಾರಿಯೆಂದು ಗೊಣಗುವುದಿಲ್ಲ, ಏಕೆಂದರೆ ಅದು ಗೂಡು ಕಾಯುವವನ ಸಂಬಳವೆಂದು ಅವರಿಗೆ ಗೊತ್ತು. ಅದೇ ಜನ ಕಗ್ಗಲಡುವಿನ ಹುಣಿಸೆ ಮರದ ಕೆಳಗೆ, ಶಿಂಷೆಯ ಸಾಲಿನ ಕೆರೆಯ ಏರಿಯ ಮೇಲೆ ಪುಕ್ಕಟೆಯಾಗಿ ನಿಂತು ಹೋಗುತ್ತಾರೆ. ಕೆರೆಯ ಏರಿಯ ಮೇಲೆಯೂ ಒಬ್ಬ ಕಾವಲುಗಾರನಿಗೆ ಸಂಬಳ ಸಿಗುವಂತಾದರೆ, ಬೇಸಿಗೆಯಲ್ಲಿ ತೂಬು ಮುಚ್ಚುವ ಕೈಯೂ ಒಂದು ಸಿಕ್ಕಂತಾಗುತ್ತದೆ. ನೀರಿನ ಹಂಚಿಕೆಯ ಮುಂದಿನ ಸಭೆ ತುಮಕೂರಿನಲ್ಲಿ ನಡೆಯಲಿ, ಬೆಂಗಳೂರಿನಲ್ಲಿ ನಡೆಯಲಿ, ಆ ನಾಲ್ಕನೆಯ ಕಲಮನ್ನು ಕಡತಕ್ಕೆ ಸೇರಿಸುವಂತೆ ಒತ್ತಾಯಿಸುವುದು ಇದರ ಮೊದಲ ಹೆಜ್ಜೆ.