ಭೂಮಿಗೊಂದು ದಿನ

ಏಪ್ರಿಲ್ 22 ‘ಭೂ ದಿನ’. ಇದಕ್ಕೂ ಪರೀಕ್ಷೆಗೂ ನಂಟಿದೆ ಎಂದರೆ ನಂಬುವಿರಾ?

1969ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಕಡಲೊಳಗಿನ ತೈಲಬಾವಿಯೊಂದು ಸಿಡಿಯಿತು. ಸಾವಿರಾರು ಕಡಲ ಹಕ್ಕಿಗಳು ಸತ್ತವು. ತೈಲ ಮೆತ್ತಿದ ಗರಿಗಳು ನೀರನ್ನು ತಡೆಯಲಾರವು, ಮೈಶಾಖವನ್ನೂ ಹಿಡಿದಿಡಲಾರವು. ಆ ಸ್ಥಳಕ್ಕೆ ಭೇಟಿ ನೀಡಿದ ಸೆನೆಟರ್ ಗೇಲಾರ್ಡ್ ನೆಲ್ಸನ್, ದೇಶಕ್ಕೆಲ್ಲ ಒಂದು ದಿನ ಪರಿಸರದ ಪಾಠವಾಗಲಿ ಎಂದರು. ಸಂಘಟನೆಯ ಹೊಣೆ 25ರ ತರುಣ ಡೆನಿಸ್ ಹೇಯ್ಸ್ ಅವರದು. ವಿದ್ಯಾರ್ಥಿಗಳು ಬರಬೇಕಾದರೆ ವಸಂತದ ರಜೆ ಮುಗಿದಿರಬೇಕು, ಪರೀಕ್ಷೆ ಶುರುವಾಗಿರಬಾರದು. ಹಾಗೆ ಆಯ್ದ ದಿನವೇ 1970ರ ಏಪ್ರಿಲ್ 22, ಬುಧವಾರ. ಅಂದು ಪಾಲ್ಗೊಂಡವರು ಸುಮಾರು 2 ಕೋಟಿ ಮಂದಿ!

ಫಲವೇನು? ಅದೇ ಡಿಸೆಂಬರಿನಲ್ಲಿ ಅಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು. ಶುದ್ಧಗಾಳಿ ಕಾಯ್ದೆ ಬಿಗಿಯಾಯಿತು. ಪೆಟ್ರೋಲಿನಿಂದ ಸೀಸ ಹಂತಹಂತವಾಗಿ ತೊಲಗಿತು. ಮಿದುಳಿನ ಬೆಳವಣಿಗೆಗೆ ಕುತ್ತಾದ ಈ ಲೋಹದ ಪ್ರಮಾಣ ಮಕ್ಕಳ ರಕ್ತದಲ್ಲಿ ಇಳಿಯಿತು. 1990ರಲ್ಲಿ ಆಚರಣೆ 141 ದೇಶಗಳಿಗೆ ಹರಡಿತು.

ನಮ್ಮಲ್ಲಿ ಆ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ಆದ್ದರಿಂದ ಪಾಠ ಮನೆಯವರದೇ. ಪಾಲಕರೇ, ಮಕ್ಕಳನ್ನು ಹತ್ತಿರದ ಕೆರೆಗೆ ಕರೆದೊಯ್ಯಿರಿ. ಅದಕ್ಕೆ ಸೇರುವ ಚರಂಡಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ಉತ್ತರ ನಿಮ್ಮ ಬಚ್ಚಲಿನವರೆಗೂ ಬಂದೀತು!