ಕಂಪನಕ್ಕೂ ಬೇಕು ಬಾಬುವಾರು ಲೆಕ್ಕ

ಯಂತ್ರದ ಕಂಪನ ಹೆಚ್ಚಿದೊಡನೆ ಬೇರಿಂಗ್ ಬದಲಿಸುವುದು ಅನೇಕ ಸಣ್ಣ ಕೈಗಾರಿಕೆಗಳ ರೂಢಿ. ಕಂಪನದ ಒಟ್ಟು ಪ್ರಮಾಣವು ದೋಷವಿದೆಯೆಂದಷ್ಟೇ ಸೂಚಿಸುತ್ತದೆ. ಖರ್ಚನ್ನು ಬಾಬುವಾರು ವಿಂಗಡಿಸುವಂತೆ ಕಂಪನವನ್ನು ಆವರ್ತನವಾರು ವಿಂಗಡಿಸಿದಾಗಲೇ ಕಾರಣದ ಸುಳಿವು ದೊರೆಯುತ್ತದೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಗಣನಕ್ರಮವು ಈ ವಿಂಗಡಣೆಯನ್ನು ಕಂಪ್ಯೂಟರಿಗೆ ಸುಲಭಗೊಳಿಸಿತು. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನಲ್ಲಿ 24 ಹರ್ಟ್ಸ್ ಕಂಪನ ಪ್ರಬಲವಾಗಿದ್ದರೆ ಬ್ಯಾಲೆನ್ಸಿಂಗ್ ದೋಷವನ್ನೂ, 48 ಹರ್ಟ್ಸ್ ಪ್ರಬಲವಾಗಿದ್ದರೆ ಅಲೈನ್‌ಮೆಂಟ್ ದೋಷವನ್ನೂ ಮೊದಲು ಶಂಕಿಸಬೇಕು. ಇವೆರಡಕ್ಕೂ ಹೊಸ ಬೇರಿಂಗ್ ಪರಿಹಾರವಲ್ಲ. ಮೂಲದೋಷ ಉಳಿದರೆ ಅದೂ ಬೇಗನೆ ಸವೆಯುತ್ತದೆ. ಯಂತ್ರ ನಿಂತುದರಿಂದಾದ ಉತ್ಪಾದನಾ ನಷ್ಟವು ದುರಸ್ತಿ ಖಾತೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಬಿಡಿಭಾಗಕ್ಕೆ ಆರ್ಡರ್ ನೀಡುವ ಮುನ್ನ ಉದ್ಯಮಿಗಳು ಆವರ್ತನ ವರದಿಯನ್ನು ಕೇಳಿ ಪಡೆಯುವುದು ಲೇಸು.