ಬೆರೆಸುವ ಮುನ್ನ

ಪರಿಸರ ಉಳಿಸಲು ಮನೆಯಲ್ಲಿ ಏನು ಮಾಡಬೇಕೆಂದು ಕೇಳಿದರೆ ಉದ್ದನೆಯ ಪಟ್ಟಿ ಸಿಗುತ್ತದೆ: ಬಟ್ಟೆಚೀಲ, ಎಲ್‌ಇಡಿ ಬಲ್ಬು, ಬಿದಿರಿನ ಬ್ರಷ್ಷು. ಹಿಂದೆಯೇ ಎದುರುವಾದವೂ ಬರುತ್ತದೆ. ಕಾರ್ಖಾನೆಗಳು ಹೊಗೆ ಉಗುಳುತ್ತಿರುವಾಗ, ಕೆರೆಗಳಿಗೆ ಒಳಚರಂಡಿ ನೀರು ಹರಿಯುತ್ತಿರುವಾಗ ನನ್ನೊಬ್ಬನ ಅಡುಗೆಮನೆಯಿಂದ ಏನಾದೀತು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಹೊಣೆ ಸರ್ಕಾರದ್ದು, ಉದ್ಯಮದ್ದು; ಅದನ್ನು ಗೃಹಿಣಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಎಷ್ಟೇ ಹಣ, ಅಧಿಕಾರ ಇದ್ದರೂ ಸರ್ಕಾರದ ಕೈಯಲ್ಲಾಗದ, ಮನೆಯಲ್ಲಿ ಮಾತ್ರ ಆಗುವ ಕೆಲವು ಕೆಲಸಗಳಿವೆ. ನಮ್ಮ ಅಭ್ಯಾಸಗಳನ್ನು ಈ ಅಳತೆಯಿಂದಲೇ ತೂಗಬೇಕೆಂಬುದು ನನ್ನ ನಿಲುವು.

ಅವುಗಳಲ್ಲಿ ಮೊದಲನೆಯದು, ಹಸಿ ಕಸವನ್ನು ಒಣ ಕಸದೊಂದಿಗೆ ಬೆರೆಸದಿರುವುದು. ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧಕ್ಕಿಂತ ಹೆಚ್ಚು ಪಾಲು ತರಕಾರಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ-ಸಾರು. ಬೇರೆಯಾಗಿದ್ದರೆ ಇದು ಗೊಬ್ಬರ. ಕಾಗದ, ಬಾಟಲಿ, ಹಾಲಿನ ಕವರು ಗುಜರಿಗೆ ಹೋಗುವ ಸರಕು. ಒಂದೇ ಬುಟ್ಟಿಗೆ ಬಿದ್ದರೆ ಎರಡೂ ಕೆಡುತ್ತವೆ. ಸಾರು ಹೀರಿದ ಕಾಗದವನ್ನು ಗುಜರಿಯವನು ಮುಟ್ಟುವುದಿಲ್ಲ, ಬ್ಲೇಡು-ಬ್ಯಾಟರಿ ಬೆರೆತ ಸಿಪ್ಪೆಯನ್ನು ರೈತ ಹೊಲಕ್ಕೆ ಹಾಕುವುದಿಲ್ಲ. ಬೆರೆಸಲು ಒಂದು ಕ್ಷಣ ಸಾಕು; ಬಿಡಿಸಬೇಕೆಂದರೆ ಪೌರಕಾರ್ಮಿಕರು ಆ ಕೊಳೆತದ್ದರೊಳಗೆ ಕೈ ಹಾಕಬೇಕು. ಅದರಲ್ಲಿ ಒಡೆದ ಗಾಜೂ ಇರುತ್ತದೆ, ಬಳಸಿದ ಪ್ಯಾಡೂ ಇರುತ್ತದೆ.

ಬೆರೆತ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆಂಗಳೂರಿನ ಸುತ್ತಲ ಹಳ್ಳಿಗಳು ಚೆನ್ನಾಗಿ ಬಲ್ಲವು. ಮಾವಳ್ಳಿಪುರದವರ ಪ್ರತಿಭಟನೆಯಿಂದ 2012ರಲ್ಲಿ ಅಲ್ಲಿಗೆ ಲಾರಿಗಳು ನಿಂತಾಗ ನಗರದ ಬೀದಿಗಳಲ್ಲೇ ಕಸ ಗುಡ್ಡೆಬಿತ್ತು. ಹೊರೆ ಮಂಡೂರಿನ ಮೇಲೆ ಹೆಚ್ಚಿತು. 2014ರಲ್ಲಿ ಅಲ್ಲಿಯವರೂ ಬೀದಿಗಿಳಿದರು. ಗುಡ್ಡೆಯೊಳಗೆ ಗಾಳಿಯಿಲ್ಲದೆ ಕೊಳೆಯುವ ಹಸಿ ಕಸ ಮೀಥೇನ್ ಹೊಮ್ಮಿಸುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ಕೆಳಗಿಳಿಯುವ ಕಪ್ಪು ರಸ ಅಂತರ್ಜಲವನ್ನು ಸೇರುತ್ತದೆ. ನಮ್ಮ ಮನೆಯ ಉಳಿಕೆಯನ್ನು ಇನ್ನೊಂದು ಊರಿನ ಬಾವಿಗೆ ಕಳಿಸುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

“ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರೆ” ಎಂಬ ದೂರು ಎಷ್ಟೋ ಬೀದಿಗಳಲ್ಲಿ ನಿಜ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ವಿಂಗಡಿಸುವ ಕೆಲಸವನ್ನು ಮನೆಗೆ ವಹಿಸಿದವು. ಹಾಗೆ ಕೊಟ್ಟದ್ದನ್ನು ಬೇರೆಬೇರೆಯಾಗಿಯೇ ಒಯ್ಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿದವು. ತಮ್ಮ ಪಾಲಿನದನ್ನು ಮಾಡಿದವರಿಗೆ ಎದ್ದುನಿಂತು ಕೇಳುವ ಬಲ ಬರುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ ಹಸಿ ಕಸ ಹೊಸಿಲು ದಾಟದಂತೆ ನೋಡಿಕೊಳ್ಳುವುದು. ತೂತು ಕೊರೆದ ಮಡಕೆ ಅಥವಾ ಬಕೆಟ್, ದಿನದ ಸಿಪ್ಪೆಯ ಮೇಲೆ ಒಂದೆರಡು ಹಿಡಿ ಒಣ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ, ಆಗಾಗ ಒಂದಿಷ್ಟು ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ಕೆದಕುವುದು. ನಾತ ಬಂದರೆ ನೀರಿನಂಶ ಹೆಚ್ಚಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಇನ್ನಷ್ಟು ಒಣ ಎಲೆ ಬೆರೆಸಿದರೆ ಸರಿಹೋಗುತ್ತದೆ. ಎರಡು-ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಫ್ಲ್ಯಾಟಿನ ಬಾಲ್ಕನಿಗೂ ಇಷ್ಟು ಜಾಗ ಸಾಕು.

ಹಳ್ಳಿಮನೆಗೆ ಇದು ಹೊಸತಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನಕ್ಕೆ, ಸೆಗಣಿ-ಕಸ ತಿಪ್ಪೆಗೆ, ತಿಪ್ಪೆ ಗದ್ದೆಗೆ. ಈಗ ಅದೇ ತಿಪ್ಪೆಯಲ್ಲಿ ಶಾಂಪೂ ಸ್ಯಾಷೆ, ಗುಟ್ಕಾ ಪ್ಯಾಕೆಟ್ಟು. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕವರು. ಆ ವಿಷದ ಹೊಗೆ ಮೊದಲು ತಟ್ಟುವುದು ಉರಿ ಹಾಕುವ ಅಜ್ಜಿಗೆ, ಪಕ್ಕದಲ್ಲಿ ಚಳಿ ಕಾಯಿಸುವ ಮೊಮ್ಮಕ್ಕಳಿಗೆ.

ನೀರಿನ ವಿಷಯವೂ ಹೀಗೆಯೇ. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರನ್ನು ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ಮಾಡುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಎರಡು-ಮೂರು ಲೀಟರ್ ಮೋರಿ ಸೇರುತ್ತದೆ. ಬಕೆಟ್ ಹಿಡಿದರೆ ನೆಲ ಒರೆಸಲು ಆಯಿತು. ಮೋರಿಗೆ ಇಳಿದರೆ ಅದೂ ಕೊಳಚೆಯೇ.

ಈ ಕೆಲಸಗಳೆಲ್ಲ ಮನೆಯ ಹೆಂಗಸರ, ಇಲ್ಲವೇ ಕೆಲಸದವರ ಪಾಲಿಗೆ ಬೀಳುವುದನ್ನು ಮಾತ್ರ ನಾನು ಒಪ್ಪಲಾರೆ. ಕಸ ಮಾಡುವವರು ಎಲ್ಲರೂ ಆಗಿರುವಾಗ ವಿಂಗಡಿಸುವವರು ಒಬ್ಬರೇ ಏಕಾಗಬೇಕು? ಆದ್ದರಿಂದ ಇದನ್ನು ಓದುತ್ತಿರುವ ಗಂಡಸರಲ್ಲಿ ಒಂದು ವಿನಂತಿ: ಈ ವಾರದಿಂದ ಹಸಿ ಕಸದ ಬುಟ್ಟಿಯನ್ನು ನೀವೇ ವಹಿಸಿಕೊಳ್ಳಿ. ಅದಕ್ಕೆ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಪತ್ರಿಕೆ ಹಾಸಿ. ಗಾಡಿ ಬಂದಾಗ ನೀವೇ ಇಳಿದು ಹೋಗಿ ಕೊಡಿ.